ಏಳನೆಯ ಪಾಠಕ್ಕೆ ಬಾಯಿ ಬಿಡದ ಮೂವತ್ತೊಂದು ಹೆಂಗಸರು

ಕಲಿತವರ ದಡ್ಡತನಕ್ಕೆ ಔಷಧವಿಲ್ಲ. ಮೇಲೊಂದು ಪದವಿ ಸಿಕ್ಕರೆ ರೋಗ ಉಲ್ಬಣಿಸುತ್ತದೆ. ನಮ್ಮ ತ್ರ್ಯಂಬಕ ಮಾಸ್ತರರು ಧಾರವಾಡದ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷ ಇತಿಹಾಸ ಕಲಿಸಿದವರು. ಬಿ.ಎ. ಆಗಿತ್ತು, ಬಿ.ಟಿ. ಆಗಿತ್ತು. ಎಂ.ಎಡ್. ಕೂಡ ಆದರೆ ಹೆಡ್‌ಮಾಸ್ತರರ ಕುರ್ಚಿ ಅವರದೇ ಎಂದು ಶಾಲೆಯ ಮಂಡಳಿ ಮಾತು ಕೊಟ್ಟಿತ್ತು. ಅದು ೧೯೩೯ನೆಯ ಇಸವಿ. ಎಲ್ಲಿ ನೋಡಿದರೂ ವಯಸ್ಕರ ಶಿಕ್ಷಣದ ಭರಾಟೆ. ಅಕ್ಷರ ಬಾರದವರನ್ನು ಹುಡುಕಿಕೊಂಡು ಅಕ್ಷರ ಬಲ್ಲವರು ಬೇಟೆಗೆ ಹೊರಟಿದ್ದ ಕಾಲ. ಮಾಸ್ತರರೂ ಅದೇ ವಿಷಯದ ಮೇಲೆ ಪ್ರಬಂಧ ಬರೆಯುತ್ತೇನೆಂದು ಹೆಸರು ಹಚ್ಚಿದರು.

ಬೇಟೆಗೆ ಸಿಕ್ಕವರು ಹುಬ್ಬಳ್ಳಿಯಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ದುಡಿಯುವ ಮೂವತ್ತೊಂದು ಹೆಂಗಸರು. ಹತ್ತಿಯ ಹಂಗಾಮಿನಲ್ಲಿ ಜಿನ್ನಿಗೆ ರಜೆಯಿಲ್ಲ. ಪ್ರತಿ ರವಿವಾರ ಮಾಸ್ತರರು ರೈಲು ಹತ್ತಿ, ಅವರು ಬುತ್ತಿ ಬಿಚ್ಚುವ ಹೊತ್ತಿಗೆ ಹಾಜರಾಗುತ್ತಿದ್ದರು. ಹುಬ್ಬಿನ ಮೇಲೆ, ರೊಟ್ಟಿಯ ಮೇಲೆ, ಪುಸ್ತಕದ ಮೇಲೆ ಎಲ್ಲ ಹತ್ತಿಯ ಎಳೆ. ಆರು ಪಾಠ ಸರಸರ ಸಾಗಿದವು. ಏಳನೆಯದಕ್ಕೆ ಎಲ್ಲರ ಬಾಯಿಗೂ ಬೀಗ. ಒಂದು ರವಿವಾರವಲ್ಲ, ನಾಲ್ಕು ರವಿವಾರ.

ಬೇರೆ ಯಾರಾದರೂ ಆಗಿದ್ದರೆ "ಯಾಕವಾ?" ಎಂದು ಕೇಳುತ್ತಿದ್ದರು. ಮಾಸ್ತರರು ಕೇಳಲಿಲ್ಲ, ಬರೆದುಕೊಂಡರು: ಪ್ರಾಯ ಬಂದ ಕೂಲಿ ಹೆಂಗಸಿನ ಬುದ್ಧಿ ಆರನೆಯ ಪಾಠಕ್ಕೆ ನಿಂತುಹೋಗುತ್ತದೆ. ಮಾರ್ಗದರ್ಶಕ ಪ್ರಾಧ್ಯಾಪಕರು ಕುಣಿದಾಡಿದರು. "ಇದುತನಕಾ ಯಾರೂ ಕಂಡಿಲ್ಲದ್ದ ಕಂಡೀರಿ ತ್ರ್ಯಂಬಕರಾವ! ಪದವಿ ಬಂತಂತ ತಿಳೀರಿ." ಇಡೀ ಅಧ್ಯಾಯ ಇಂಗ್ಲಿಷಿನಲ್ಲಿ ಟೈಪಾಗಿ ಬಂತು.

ಹೆಂಗಸರ ಕೊನೆಯ ಪರೀಕ್ಷೆಯ ದಿನ ಮಾಸ್ತರರ ಹೆಂಡತಿ ಗೋದಾಬಾಯಿಯೂ ಜೊತೆಗೆ ಬಂದಿದ್ದರು. ಹುಬ್ಬಳ್ಳಿಯಲ್ಲೇ ಕೇಶ್ವಾಪುರದ ತಂಗಿಯ ಮನೆಗೆ ಹೋಗುವುದಿತ್ತು. ಹತ್ತಿ ತುಂಬಿದ ಅಂಡಿಗೆಯ ಮೇಲೆ ಕೂತು ನೋಡುತ್ತಿದ್ದರು. ಮಾಸ್ತರರು ಮುಂದಿನ ಸಾಲಿನ ದಾನವ್ವನಿಗೆ ಏಳನೆಯ ಪಾಠ ಓದಲು ಹೇಳಿದರು. ಆರನೆಯದನ್ನು ಯಂತ್ರಕ್ಕಿಂತ ಗಟ್ಟಿಯಾಗಿ ಓದಿದ ದಾನವ್ವ ಈಗ ಸೆರಗು ಕಚ್ಚಿ ನಿಂತಳು. ಗೋದಾಬಾಯಿ ಪುಸ್ತಕ ಇಸಿದುಕೊಂಡರು. "ಬಸಪ್ಪ ಬಾವಿಗೆ ಹೋದನು. ಕಲ್ಲಪ್ಪ ಕರು ಕಟ್ಟಿದನು. ನಿಂಗಪ್ಪ ನೀರು ತಂದನು. ಮಲ್ಲಪ್ಪ ಮರ ಹತ್ತಿದನು..."

"ಅಲ್ರೀ, ಇದು ಪಾಠನೋ, ಊರ ಗಂಡಂದಿರ ಯಾದಿನೋ? ದಾನವ್ವ, ಇದರಾಗ ನಿಮ್ಮವರು ಯಾರು?"

ದಾನವ್ವ ಸಾಲಿನ ಮೇಲೆ ಬೆರಳಿಟ್ಟಳು. "ಬಾವಿಗೆ ಹೋದಾಂವ ನಮ್ಮಾಂವರಿ. ಮರಾ ಹತ್ತಿದಾಂವ ನಮ್ಮ ಮಾವ."

"ನೀರು ತಂದಾಂವ ನಮ್ಮನಿಯಾಂವರಿ," ಎಂದಳು ಹಿಂದಿನಿಂದ ಒಬ್ಬಳು. "ಪುಸ್ತಕದಾಗಷ್ಟ ತರತಾನ."

ಗಂಡನ ಹೆಸರು, ಮಾವನ ಹೆಸರು ಬಾಯಿಬಿಟ್ಟು ಹೇಳಬಾರದು; ಹೇಳಲೇಬೇಕಾದರೆ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಮಾಸ್ತರರಿಗೆ ಇದು ಗೊತ್ತಿರಲಿಲ್ಲವೇ? ಹದಿನೆಂಟು ವರ್ಷದಿಂದ ಸ್ವಂತ ಹೆಂಡತಿ ಅವರನ್ನು "ಅಲ್ರೀ" ಎಂದೇ ಕರೆಯುತ್ತಿದ್ದರು. ಅಡುಗೆಮನೆಯಲ್ಲಿ ಗೊತ್ತಿದ್ದದ್ದನ್ನು ಓದುವ ಕೋಣೆಗೆ ಬಂದೊಡನೆ ಮರೆಯುವುದಕ್ಕೆ ಉನ್ನತ ಶಿಕ್ಷಣ ಎನ್ನುತ್ತಾರೆ.

"ಒಡಪು ಹಚ್ಚಿ ಓದ್ರಿ, ನೋಡೂಣು," ಎಂದರು ಗೋದಾಬಾಯಿ.

ದಾನವ್ವ ಗಂಟಲು ಸರಿಮಾಡಿಕೊಂಡಳು. "ಹತ್ತಿ ಬಿಡಿಸಿದ ಕೈಗೆ ಹಸರ ಬಳಿ ಚೆಂದ, ಬಸಪ್ಪ ಬಾವಿಗೆ ಹೋಗಿ ಬರಿಗೊಡಾ ತಂದ!"

ಆಮೇಲೆ ತಡೆಯುವವರಿಲ್ಲ. ಬಿಡುವು ಮುಗಿದ ಸಿಳ್ಳು ಹೊಡೆಯಿತು, ಕೂಲಿಯವರ ಮೇಲಿನ ಮುಕಾದಮ ಬಂದು ಬೈದ. ಮೂವತ್ತೊಂದೂ ಜನ ಓದಿ ಮುಗಿಸಿಯೇ ಎದ್ದರು.

ಮಾಸ್ತರರು ಮರುದಿನವೇ ಪ್ರಾಧ್ಯಾಪಕರ ಮನೆಗೆ ಓಡಿದರು. "ಟೈಪಾದದ್ದನ್ನ ತಿದ್ದೂದು ಹ್ಯಾಂಗ್ರಿ? ಒಡಪು ಗಿಡಪು ಅಂದ್ರ ಪರೀಕ್ಷಕರು ನಗತಾರ. ಸುಮ್ಮನ ಕಳಸ್ರಿ," ಎಂದರು ಪ್ರಾಧ್ಯಾಪಕರು. ಮಾಸ್ತರರೇನು ಹರಿಶ್ಚಂದ್ರನಲ್ಲ. ತಲೆಯಾಡಿಸಿ ಬಂದು, ಪ್ರಬಂಧಕ್ಕೆ ದಾರ ಸುತ್ತಿದರು. ಮುಂದಿನ ರವಿವಾರ ಹುಬ್ಬಳ್ಳಿ ಸ್ಟೇಶನ್ನಿನ ರೈಲು ಅಂಚೆಗೆ ಹಾಕಲು ಹೊರಟವರು, ಪಾಠದ ಪುಸ್ತಕಗಳನ್ನು ಮರಳಿ ತರೋಣವೆಂದು ಮೊದಲು ಜಿನ್ನಿಗೆ ಹೋದರು.

"ಅದೇನ್ರಿ ಕಂಕಳಾಗ?" ದಾನವ್ವ ಕೇಳಿದಳು.

"ನಿಮ್ಮ ಮ್ಯಾಲೆ ಬರದದ್ದವಾ. ಇಂಗ್ರೇಜಿಯೊಳಗ ಅದ."

"ನಮ್ಮ ಮ್ಯಾಲ? ಹಂಗಾರ ಕನ್ನಡದಾಗ ಹೇಳ್ರಿ, ಕೇಳತೇವಿ."

ದಾರ ಬಿಚ್ಚದೆ ಗತಿಯಿರಲಿಲ್ಲ. ಅವರ ಕೂಲಿ, ಅವರ ಕೆಮ್ಮು, ಎಷ್ಟು ತಾಸಿನ ದುಡಿತ, ಎಲ್ಲ ಹೇಳಿದರು. ಹೆಂಗಸರು "ಖರೇರಿ, ಖರೇರಿ" ಎಂದು ಗೋಣು ಹಾಕಿದರು. ಪುಟ ತಿರುವಿದರೆ ಆ ವಾಕ್ಯ: ಕೂಲಿ ಹೆಂಗಸಿನ ಬುದ್ಧಿ ಆರನೆಯ ಪಾಠಕ್ಕೆ... ಮಾಸ್ತರರು ಪುಟದ ಮೇಲೆ ಅಂಗೈ ಮುಚ್ಚಿದರು.

"ಯಾಕ್ರಿ ಮಾಸ್ತರ, ನಿಂತ್ರಿ? ನಿಮ್ಮ ಮಾವನ ಹೆಸರು ಬಂತೇನ?"

ಬಿದ್ದು ಬಿದ್ದು ನಕ್ಕರು ಎಲ್ಲರೂ. ಮಾಸ್ತರರಿಗೆ ನಗು ಬರಲಿಲ್ಲ. ಅಂಚೆಯತ್ತ ಹೋಗಲಿಲ್ಲ, ಪುಸ್ತಕಗಳನ್ನೂ ಕೇಳಲಿಲ್ಲ.

ಆ ವಾರ ಅವರು ಇಡೀ ಅಧ್ಯಾಯ ಕಿತ್ತು, ಕೈಯಿಂದ ಹನ್ನೆರಡು ಪುಟ ಬರೆದರು: ಹೆಂಗಸರು ಓದಬಲ್ಲರು, ತಪ್ಪು ಏಳನೆಯ ಪಾಠದ್ದು ಮತ್ತು ಅದನ್ನು ಕಲಿಸಿದವನದು.

ಪ್ರಾಧ್ಯಾಪಕರು ಕನ್ನಡಕ ತೆಗೆದಿಟ್ಟರು. "ಇದರಾಗ ಶೋಧ ಎಲ್ಲಿ ಅದ ತ್ರ್ಯಂಬಕರಾವ?"

"ನನ್ನ ದಡ್ಡತನ ಶೋಧ ಆಗೇದಲ್ರೀ ಸರ್."

"ಅದಕ್ಕ ಯಾರೂ ಪದವಿ ಕೊಡೂದಿಲ್ಲ."

ಕೊಡಲಿಲ್ಲ. ಪ್ರಾಧ್ಯಾಪಕರ ಸಹಿಯೇ ಬೀಳಲಿಲ್ಲ. ಹೆಡ್‌ಮಾಸ್ತರರ ಕುರ್ಚಿಯಲ್ಲಿ ಬೇರೊಬ್ಬರು ಕೂತರು. ತ್ರ್ಯಂಬಕ ಮಾಸ್ತರರು ಮುಂದೆಯೂ ಊಟದ ಬಿಡುವಿನ ನಂತರದ ತರಗತಿಗೆ, ತೂಕಡಿಸುವ ಹುಡುಗರಿಗೆ ಪೇಶ್ವೆಗಳ ಯುದ್ಧ ಹೇಳುತ್ತಿದ್ದರು. ಹತ್ತಿಯ ಹಂಗಾಮು ಬಂತೆಂದರೆ ರವಿವಾರ ಹುಬ್ಬಳ್ಳಿಯ ರೈಲು ಹತ್ತುತ್ತಿದ್ದರು. ಈಗ "ಯಾಕವಾ?" ಎಂದು ಕೇಳಿ ಕಲಿಸುತ್ತಿದ್ದರು.