ಪೂರ್ವದ ತುದಿಯ ಇಪ್ಪತ್ತೆರಡು ದೀಪಗಳು

1979ರ ಚಳಿಗಾಲದಲ್ಲಿ ನಾನು ಪುಣೆಯ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ವೀಕ್ಷಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಅರ್ಧ ಗಂಟೆಗೊಮ್ಮೆ ಛಾವಣಿ ಹತ್ತಿ ಕಣ್ಣು ಕಿರಿದು ಮಾಡಿ ನೋಡುವುದು. ಎಷ್ಟು ದೂರ ಕಾಣುತ್ತದೆ ಎಂದು ಅಳೆಯಲು ನಮಗೆ ಗುರುತುಗಳಿದ್ದವು. ನೀರಿನ ಟಾಕಿ ಕಂಡರೆ ನಾಲ್ಕುನೂರು ಮೀಟರ್, ಬೇವಿನ ಮರ ಕಂಡರೆ ಎಂಟುನೂರು, ಇಟ್ಟಿಗೆ ಭಟ್ಟಿಯ ಚಿಮಣಿ ಕಂಡರೆ ಸಾವಿರದ ಐನೂರು. ಈ ಅಂಕಿಗೆ ವಿಸಿಬಿಲಿಟಿ ಎನ್ನುತ್ತಾರೆ. ನಾವು ಹೇಳಿದ್ದನ್ನು ವಿಮಾನ ಸಂಚಾರ ನಿಯಂತ್ರಿಸುವ ಟವರ್‌ನವರು ಪೈಲಟ್‌ಗೆ ತಿಳಿಸುತ್ತಿದ್ದರು. ನನ್ನಂಥ ರಾಯಚೂರಿನ ಹುಡುಗನ ಕಣ್ಣಳತೆ ನಂಬಿ ವಿಮಾನ ಇಳಿಯುತ್ತದಲ್ಲ ಎಂಬ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಡಿಸೆಂಬರಿನ ಆ ಬೆಳಿಗ್ಗೆ ನೀರಿನ ಟಾಕಿಯೇ ಅಳಿಸಿದಂತೆ ಕಾಣುತ್ತಿತ್ತು. 7:30ಕ್ಕೆ ಹೈದರಾಬಾದಿನ ಆವ್ರೋ ವಿಮಾನ ನಮ್ಮ ತಲೆಯ ಮೇಲೆ ಬಂತು. ಒಳಗೆ ನಲವತ್ತೊಂದು ಜನ. ಅದು ಇಳಿಯಲು ಕನಿಷ್ಠ ಸಾವಿರದ ಇನ್ನೂರು ಮೀಟರ್ ಕಾಣಬೇಕು. ನಾನು ಬರೆದದ್ದು ನಾಲ್ಕುನೂರು. ಇಂಥ ಹೊತ್ತಿನಲ್ಲಿ ಪೈಲಟ್‌ಗಳು ಮುಂಬಯಿಗೆ ಹೋಗುವುದು ವಾಡಿಕೆ. ಆದರೆ ಅಲ್ಲಿಯೂ ಮಬ್ಬು ಕವಿಯತೊಡಗಿತ್ತು. ಮೊದಲ ಸಂದೇಶದಲ್ಲಿ ಎರಡು ಸಾವಿರ ಮೀಟರ್ ಇದ್ದದ್ದು ಎರಡನೆಯದರಲ್ಲಿ ಸಾವಿರದ ಆರುನೂರಕ್ಕೆ ಇಳಿದಿತ್ತು.

ಎದುರುಗಾಳಿಗೆ ಸಿಕ್ಕು ಇಂಧನ ಹೆಚ್ಚು ಖರ್ಚಾಗಿದೆ, 7:52ರೊಳಗೆ ಹೊರಡದಿದ್ದರೆ ಮುಂಬಯಿ ಮುಟ್ಟಲಾರೆ ಎಂದು ಆ ವಿಮಾನದ ಕ್ಯಾಪ್ಟನ್ ಸೂರಿ ಟವರ್‌ಗೆ ತಿಳಿಸಿದರು. ಹೊರಟರೂ ಅಲ್ಲಿಯ ರನ್‌ವೇ ಕಾಣುತ್ತದೆಂಬ ಭರವಸೆ ಇಲ್ಲ. ಅಲ್ಲಿಂದ ಮರಳಲು ಇಂಧನವೂ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನನ್ನ ಹಿರಿಯ ಅಧಿಕಾರಿ ಜೋಶಿಯವರು ಫೋನಿನ ಪಕ್ಕದಲ್ಲಿ ಕುಳಿತು ಕನ್ನಡಕ ಒರೆಸುತ್ತಿದ್ದರು.

7:36ಕ್ಕೆ ಕಂತ್ರಾಟುದಾರನ ಟ್ರ್ಯಾಕ್ಟರ್ ನಮ್ಮ ಕಚೇರಿಯ ಮುಂದೆ ನಿಂತಿತು. ವಿಮಾನಗಳು ರನ್‌ವೇಗೆ ಹೋಗಿಬರುವ ಟ್ಯಾಕ್ಸಿವೇಯ ದುರಸ್ತಿಗೆ ಬಂದ ಕೂಲಿಕಾರರು ಇಳಿದರು. ಎಲ್ಲರೂ ನಮ್ಮ ಗುಲ್ಬರ್ಗಾ ಕಡೆಯವರು. ರನ್‌ವೇಯ ಪೂರ್ವ ತುದಿಯಾಚೆ, ವಾಘೋಲಿಯ ದಿಕ್ಕಿನಲ್ಲಿ ಜೋಪಡಿ ಹಾಕಿಕೊಂಡಿದ್ದರು. ಗುಂಪಿನ ಹಿರಿಯಳು ಮಲ್ಲಮ್ಮ. ನಾನು ಕನ್ನಡದವನೆಂದು ತಿಳಿದ ದಿನದಿಂದ ನನ್ನನ್ನು ಕಾಡಿಸದೆ ಮುಂದೆ ಹೋದವಳಲ್ಲ.

"ಏನ್ರಿ ಸಾಹೇಬ್ರ, ನಿಮ್ ಕಡೀಗಿ ಸೂರ್ಯ ಇನ್ನಾ ಎದ್ದಿಲ್ಲೇನು? ನಾವು ಬಿಸಲಾಗ ಮೈ ಕಾಸ್ಕೊಂಡು ಬಂದೀವಿ."

"ಯಾವ ಬಿಸಲು ಅಕ್ಕಾ? ಎಲ್ಲಿ?"

"ನಮ್ ಜೋಪಡಿ ಕಡೀಗ್ರಿ. ಆ ತುದೀಗಿ ಮಂಜೇ ಇಲ್ಲ. ಅರ್ಧಾ ದಾರಿ ಬಂದ ಮ್ಯಾಲ ಈ ಹೊಗಿ ಹತ್ತಿತು ನೋಡ್ರಿ."

ನನ್ನ ಮುಖಕ್ಕೆ ಹೊಡೆದಂತಾಯಿತು. ನಮ್ಮ ಗುರುತುಗಳೆಲ್ಲ ಇದ್ದದ್ದು ಪಶ್ಚಿಮಕ್ಕೆ, ನಾಲೆಯ ತಗ್ಗಿನಲ್ಲಿ. ಆ ತಗ್ಗಿನ ಮಂಜನ್ನು ಅಳೆದು ಇಡೀ ನಿಲ್ದಾಣಕ್ಕೆ ಹಚ್ಚಿಬಿಟ್ಟಿದ್ದೆ. ಕಣ್ಣಳತೆಯ ಜಂಬದ ನಾನು ಛಾವಣಿಯ ಮೇಲೆ ಕುಳಿತ ಬಾವಿಕಪ್ಪೆ!

ಜೀಪಿನತ್ತ ಓಡಿದೆ. "ಅರೇ, ಕುಠೇ ಚಾಲಲಾಸ್?" ಎಲ್ಲಿಗೆ ಹೊರಟೆ ಎಂದು ಜೋಶಿಯವರು ಕೂಗಿದರು. ಪೂರ್ವದ ತುದಿಗೆ ಹೋಗಿ ರನ್‌ವೇ ದೀಪ ಎಣಿಸುತ್ತೇನೆ ಎಂದು ಹೇಳಿದೆ. ಅವರು ಟವರ್‌ಗೆ ಫೋನ್ ಮಾಡಿ ಅನುಮತಿ ಕೊಡಿಸಿದರು. ಫೋನ್ ಇಡುತ್ತ ಮರಾಠಿಯಲ್ಲೇ ಎಚ್ಚರಿಸಿದರು: "ಕಂಡಷ್ಟೇ ಹೇಳು. ಒಂದು ದೀಪ ಕೂಡ ಹೆಚ್ಚು ಹೇಳಬೇಡ."

ರನ್‌ವೇಯ ಅಂಚಿನ ದೀಪಗಳ ನಡುವಿನ ಅಂತರ ಅರವತ್ತು ಮೀಟರ್. ತುದಿಯಲ್ಲಿ ನಿಂತು ಎಷ್ಟು ದೀಪ ಕಾಣುತ್ತವೆಂದು ಎಣಿಸಿದರೆ ಅಲ್ಲಿಯ ವಿಸಿಬಿಲಿಟಿ ಸಿಗುತ್ತದೆ. 7:46ಕ್ಕೆ ಪೂರ್ವದ ತುದಿಯಲ್ಲಿ ಜೀಪಿನಿಂದ ಜಿಗಿದಾಗ ನಿಜಕ್ಕೂ ಬೆನ್ನ ಮೇಲೆ ಎಳೆಬಿಸಿಲು ಬಿತ್ತು. ಎಣಿಸಿದೆ. ಇಪ್ಪತ್ತೆರಡು ದೀಪ ನಿಚ್ಚಳ, ಮುಂದಿನ ಎರಡು ಮಂಕು, ಅದರಾಚೆ ಬಿಳಿ ಗೋಡೆಯಂಥ ಮಂಜು. ಇಪ್ಪತ್ನಾಲ್ಕು ಅಂದುಬಿಡು, ಪೈಲಟ್‌ಗೆ ಧೈರ್ಯ ಬರಲಿ ಎಂದು ಮನಸ್ಸು ಪಿಸುಗುಟ್ಟಿದ್ದು ಸುಳ್ಳಲ್ಲ. ಇನ್ನೊಮ್ಮೆ ಎಣಿಸಿದೆ. ಟವರ್‌ನ ಅಧಿಕಾರಿ ಜೀಪಿನ ರೇಡಿಯೋದಲ್ಲಿ ಕ್ಯಾಪ್ಟನ್ ಜೊತೆ ನೇರವಾಗಿ ಮಾತಾಡಲು ಹೇಳಿದರು.

"ಪೂರ್ವದ ತುದಿಯಿಂದ ಇಪ್ಪತ್ತೆರಡು ದೀಪ ಸ್ಪಷ್ಟ. ಇನ್ನೆರಡು ಮಂಕಾಗಿವೆ, ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಸಾವಿರದ ಮುನ್ನೂರ ಇಪ್ಪತ್ತು ಮೀಟರ್."

"ನೀವು ಈಗ ಅಲ್ಲೇ ನಿಂತಿದ್ದೀರಾ?"

"ಅಲ್ಲೇ ನಿಂತಿದ್ದೇನೆ, ಸರ್."

ಕ್ಯಾಪ್ಟನ್ ಏನನ್ನು ತೂಗಿ ನೋಡುತ್ತಿದ್ದರೆಂದು ನನಗೆ ಗೊತ್ತಿತ್ತು. ಪೂರ್ವದಿಂದ ಇಳಿಯಲು ದಾರಿ ತೋರುವ ಉಪಕರಣವಿರಲಿಲ್ಲ, ಕಣ್ಣೇ ಗತಿ. ಒಮ್ಮೆ ಆ ಕಡೆಯಿಂದ ಬರಲು ಹೊರಟರೆ 7:52 ದಾಟುತ್ತದೆ, ಮುಂಬಯಿ ಕೈಬಿಟ್ಟಂತೆ. ಆವ್ರೋ ಸಾವಿರ ಮೀಟರಿನೊಳಗೆ ನಿಲ್ಲುತ್ತದೆ. ಆದರೆ ನನ್ನ ಎಣಿಕೆ ತಪ್ಪಿದ್ದರೆ ಅದು ಓಡುತ್ತ ಮಂಜಿನೊಳಗೇ ನುಗ್ಗಬೇಕು.

"ಪೂರ್ವದಿಂದ ಬರುತ್ತೇನೆ," ಎಂದರು ಕ್ಯಾಪ್ಟನ್.

ಐದು ನಿಮಿಷದ ಬಳಿಕ ಬಿಸಿಲಿನಲ್ಲಿ ಹೊಳೆಯುತ್ತ ವಿಮಾನ ನನ್ನ ತಲೆಯ ಮೇಲೆಯೇ ಹಾದು, ಎರಡನೇ ದೀಪದ ಬಳಿ ನೆಲ ಮುಟ್ಟಿತು. ನಾನು ಗಟ್ಟಿಯಾಗಿ ದೀಪ ಎಣಿಸುತ್ತಲೇ ಇದ್ದೆ. ಹದಿನೇಳನೆಯದರ ಹತ್ತಿರ ಅದು ನಿಂತಿತು. ಮುಂದೆ ಐದು ದೀಪ ಉಳಿದಿದ್ದವು. ಜೀಪಿನ ಚಾಲಕ ನನ್ನನ್ನು ಎತ್ತಿ ಕುಣಿಸಿಬಿಟ್ಟ. ನಾನೂ ನಾಚಿಕೆ ಬಿಟ್ಟು ಕುಣಿದೆ.

8:10ಕ್ಕೆ ಮುಂಬಯಿಯ ಸಂದೇಶ ಬಂತು: ಐನೂರು ಮೀಟರ್. ಅದನ್ನು ಓದುವಾಗ ಕ್ಯಾಪ್ಟನ್ ಸೂರಿ ನಮ್ಮ ಕಚೇರಿಯಲ್ಲಿಯೇ ಚಹಾ ಕುಡಿಯುತ್ತಿದ್ದರು. ಕಾಗದ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಬರೀ ಇಪ್ಪತ್ತೆರಡು ಎಂದಿದ್ದರೆ ನಾನು ಮುಂಬಯಿಗೆ ಹೊರಟುಬಿಡುತ್ತಿದ್ದೆ. ಸಹಾಯ ಮಾಡುವ ಉಮೇದಿನಲ್ಲಿ ಜನ ಒಂದೆರಡು ಸೇರಿಸಿಯೇ ಹೇಳುತ್ತಾರೆ. ಮಂಕಾದ ಎರಡನ್ನು ಬಿಟ್ಟೆ ಎಂದಿರಿ ನೋಡಿ, ಆಗ ನಿಮ್ಮನ್ನು ನಂಬಿದೆ."

ಅವರನ್ನು ಮಲ್ಲಮ್ಮನ ಹತ್ತಿರ ಕರೆದುಕೊಂಡು ಹೋದೆ. ಕ್ಯಾಪ್ಟನ್ ಟೋಪಿ ತೆಗೆದು ಕೈಮುಗಿದರು. ಅವಳು ಜಲ್ಲಿಯ ಬುಟ್ಟಿ ಇಳಿಸದೆಯೇ ನಕ್ಕಳು: "ಬಿಸಲು ಬಿದ್ದದ ಅಂದ್ರ ಇಷ್ಟ್ಯಾಕ್ರಿ? ಹೊರಗ ಬಂದು ನೋಡಿದ್ರ ನಿಮಗೂ ಕಾಣ್ತಿತ್ತು!"

ನಿವೃತ್ತನಾಗುವವರೆಗೆ ನನ್ನ ಕೈಕೆಳಗೆ ಬಂದ ಹೊಸಬರನ್ನೆಲ್ಲ ಮೊದಲ ದಿನವೇ ಛಾವಣಿಯಿಂದ ಇಳಿಸಿ ರನ್‌ವೇಯ ಎರಡೂ ತುದಿಗೆ ಕರೆದೊಯ್ದೆ. ಎಷ್ಟು ಕಂಡೆ ಎಂದಷ್ಟೇ ಹೇಳಿದರೆ ಸಾಲದು. ಎಲ್ಲಿ ನಿಂತು ಕಂಡೆ, ಯಾವುದು ಸರಿಯಾಗಿ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಮೇಲೆ ಇರುವವನು ನಿರ್ಧಾರ ಮಾಡುವುದು ಅದನ್ನು ನಂಬಿಕೊಂಡು.