ಅಳಿಸಿದ ಸಾಲಿಗೂ ಒಂದು ಹೆಜ್ಜೆ ಮುಂಚೆ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ರಕ್ತನಿಧಿಯ ಕಂಪ್ಯೂಟರ್ ಕೋಣೆಯ ಕಿಟಕಿ ಆಗಷ್ಟೇ ಬೆಳ್ಳಗಾಗುತ್ತಿದೆ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕಪ್ಪು ಪರದೆಯ ಮೇಲೆ ಟಕಟಕ ಟೈಪಿಸುತ್ತಿರುವ ಈ ಐವತ್ತಮೂರರ ಹೆಂಗಸಿಗೆ ಇಲ್ಲಿ ಎಲ್ಲರೂ ಇಟ್ಟಿರುವ ಹೆಸರು ಲಾಗಮ್ಮ. ಮೌಸನ್ನು ಇವರು ಮುಟ್ಟುವುದೇ ಇಲ್ಲ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಪಕ್ಕದಲ್ಲೇ ಕೂತಿದ್ದೇನೆ.

ಅರ್ಧ ಗಂಟೆಯ ಹಿಂದೆ ಎಡವಟ್ಟಾಗಿದೆ. ಒಬ್ಬ ದಾನಿಯ ಹಳೆಯ ದಾಖಲೆ ಅಳಿಸಲು ಹೋದ ಹಿರಿಯ ಗುಮಾಸ್ತರು, ಯಾರದ್ದು ಎಂದು ಸೂಚಿಸುವುದನ್ನೇ ಮರೆತು ಎಂಟರ್ ಒತ್ತಿದ್ದಾರೆ. ನಲವತ್ತೊಂದು ಸಾವಿರ ದಾನಿಗಳ ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ಖಾಲಿ! ಮೇಲಿನ ಮಹಡಿಯ ಗರ್ಭಿಣಿಯೊಬ್ಬರಿಗೆ ಹನ್ನೊಂದಕ್ಕೆ ಶಸ್ತ್ರಚಿಕಿತ್ಸೆ. ಅವರದು ತೀರಾ ಅಪರೂಪದ ರಕ್ತದ ಗುಂಪು. ಅದೇ ಗುಂಪಿನವರೊಬ್ಬರು ಬುಧವಾರ ಹೆಸರು ಬರೆಸಿಹೋದದ್ದು ನರ್ಸಿಗೆ ನೆನಪಿದೆ, ಫೋನ್ ನಂಬರು ನೆನಪಿಲ್ಲ. ಪಟ್ಟಿಯ ನಕಲು ತೆಗೆದಿಟ್ಟದ್ದು ಕಳೆದ ಭಾನುವಾರ; ಅದರಲ್ಲಿ ಆ ಹೆಸರಿಲ್ಲ.

ಆದರೆ ಪಟ್ಟಿಯಲ್ಲಿ ಆಗುವ ಪ್ರತಿ ಬದಲಾವಣೆಯನ್ನೂ ಯಂತ್ರ ಲಾಗ್ ಎಂಬ ಕಡತದಲ್ಲಿ ಒಂದೊಂದಕ್ಕೂ ನಂಬರು ಹಾಕಿ ಬರೆದಿಡುತ್ತದೆ. ಭಾನುವಾರದ ನಕಲಿನ ಮೇಲೆ ಅದನ್ನು ಮತ್ತೆ ಓಡಿಸಿದರೆ ಬುಧವಾರವೂ ವಾಪಸ್.

"ಯಂತ್ರ ಬಲು ನಿಯತ್ತಿಂದು ನೋಡಿ, ಅಳ್ಸಿದ್ದನ್ನೂ ಬರ್ಕೊಂಡಿರುತ್ತೆ. ಅದಕ್ಕೆ ಒಂದು ಹೆಜ್ಜೆ ಮುಂಚೆನೇ ನಿಲ್ಲಿಸ್ಬೇಕು. ಒಂದ್ಸಲ ನಿಲ್ಲೋ ನಂಬರು ತಪ್ಪಾಗಿ ಕೊಟ್ಟೆ. ಬಂದಿದ್ದೆಲ್ಲ ಕಣ್ಣೆದುರೇ ಮತ್ತೆ ಹೋಯ್ತು. ಬಚ್ಚಲಿಗೆ ಹೋಗಿ ಅತ್ತೆ" ಎನ್ನುತ್ತಾರೆ ಲಾಗಮ್ಮ.

ಟೈಪಿಸ್ಟ್ ಆಗಿ ಸೇರಿದವರು ಇವರು. ಟೈಪ್‌ರೈಟರುಗಳು ಗುಜರಿಗೆ ಹೋದ ವರ್ಷ ಇವರನ್ನೂ ಮನೆಗೆ ಕಳಿಸುವ ಮಾತಿತ್ತು. ಮಗಳ ಕಾಲೇಜು ಪುಸ್ತಕ ಹಿಡಿದು, ಹಟಕ್ಕೆ ಬಿದ್ದು ಕಲಿತರು. ಹದಿನಾರು ವರ್ಷಗಳಲ್ಲಿ ಇಪ್ಪತ್ತೆರಡು ಬಾರಿ ಹೋದದ್ದನ್ನು ಮರಳಿ ತಂದಿದ್ದಾರೆ. "ನಮ್ಮತ್ತೆ ಮಾತ್ರ ಇವತ್ತಿಗೂ ನಾನು ಟೈಪ್ ಹೊಡೀತೀನಿ ಅಂತಾನೇ ಹೇಳ್ಕೊಂಡು ತಿರುಗ್ತಾರೆ" ಎಂದು ನಗುತ್ತಾರೆ.

ಅತ್ತ ದಿನದಿಂದ ಇವರದೊಂದು ಕಟ್ಟುನಿಟ್ಟಿನ ಕ್ರಮ. ನಿಲ್ಲಿಸುವ ನಂಬರನ್ನು ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಪರದೆಯೊಂದಿಗೆ ಒಂದೊಂದೇ ಅಂಕಿಯಾಗಿ ಹೋಲಿಸಿ ಓದದೆ ಎಂಟರ್ ಒತ್ತುವುದಿಲ್ಲ.

ಇವತ್ತು ಚೀಟಿಯನ್ನು ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಗುಮಾಸ್ತರಿಗೇ ಚಾಚುತ್ತಾರೆ. "ನೀವೇ ಓದಿ, ಅಣ್ಣ."

"ನಾನಾ? ಬೇಡಮ್ಮಾ..."

"ಓದಿ ಅಂದೆ."

ಅವರ ಬೆರಳು ಅಂಕಿಯಿಂದ ಅಂಕಿಗೆ ಸರಿಯುತ್ತದೆ, ಕೊನೆಗೆ ಬಂದು ನಿಲ್ಲುತ್ತದೆ. "ಲಾಗಮ್ಮಾ, ಪರದೇಲಿರೋದು ಎಂಟಲ್ಲ. ಮೂರು."

ಎಂಟೆಂದೇ ಕೊಟ್ಟಿದ್ದರೆ ಅಳಿಸಿದ ಸಾಲೂ ಮತ್ತೆ ಓಡುತ್ತಿತ್ತು. ಲಾಗಮ್ಮ ತಿದ್ದಿ ಎಂಟರ್ ಒತ್ತುತ್ತಾರೆ. ಪರದೆಯ ಮೇಲೆ ಸಾಲುಗಳು ಸರಸರ ಏರುತ್ತವೆ. ಆರೂ ಇಪ್ಪತ್ತಕ್ಕೆ ನಲವತ್ತೊಂದು ಸಾವಿರ ಹೆಸರೂ ಹಾಜರ್! ಏಳರ ಹೊತ್ತಿಗೆ ಬುಧವಾರದ ಆ ದಾನಿ, ಬೇಕರಿಯವರು, ಮೊಣಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿ ಬರುತ್ತಾರೆ.

ಮಧ್ಯಾಹ್ನ ನರ್ಸ್ ಬಾಗಿಲಲ್ಲೇ ನಿಂತು ಕೂಗುತ್ತಾರೆ: "ಹೆಣ್ಣು ಮಗು! ತಾಯಿನೂ ಚೆನ್ನಾಗಿದಾರೆ!" ಕೋಣೆಗೆ ಕೋಣೆಯೇ ಚಪ್ಪಾಳೆ ತಟ್ಟುತ್ತದೆ.

ಗುಮಾಸ್ತರ ಮೇಲಿನ ದೂರಿನ ಪತ್ರ ಆಗಲೇ ಮೇಲಧಿಕಾರಿಯ ಮೇಜು ಸೇರಿದೆ. ಇದರ ಬಗ್ಗೆ ಏನು ಬರೆಯಲಿ ಎಂದು ನಾನು ಕೇಳಿದರೆ ಲಾಗಮ್ಮ ಪೆನ್ಸಿಲಿನ ಚೀಟಿಯನ್ನು ನನ್ನ ಕೈಗಿಡುತ್ತಾರೆ.

"ಎಂಟು ಅಂತ ಬರೆದವಳು ನಾನು. ಮೂರು ಅಂತ ಹಿಡಿದವರು ಅಣ್ಣ. ಪೇಪರಲ್ಲಿ ಇಷ್ಟು ಬರೀರಿ ಸಾಕು."