ಮೂರು ಮನೆ ಬೂದಿಯ ಕರೀಮಮ್ಮ

ಬೆಳಗಿನ ಐದೂಮುಕ್ಕಾಲು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಒಲೆಗಳಿಗೆ ಇನ್ನೂ ಬೆಂಕಿ ಬಿದ್ದಿಲ್ಲ. ಸೂರ್ಯನೇ ಆಕಳಿಸುತ್ತಿರುವ ಈ ಹೊತ್ತಿಗೆ ಪಶು ಆಸ್ಪತ್ರೆಯ ಅಂಗಳ ಗುಡಿಸಿ, ನೀರು ಚಿಮುಕಿಸಿ, ಹಿತ್ತಲ ಹಂಡೆಗೆ ಉರಿ ಹಾಕಿ ಕೂತಿದ್ದಾರೆ ಅಟೆಂಡರ್ ಕರೀಮುನ್ನೀಸಾ, ಊರಿನವರ ಕರೀಮಮ್ಮ. ಐವತ್ತಮೂರು ವಯಸ್ಸು, ನಾಲ್ಕೂಮುಕ್ಕಾಲು ಅಡಿ ಎತ್ತರ, ಮತ್ತು ಒಂದು ಮೂಗು. ಆ ಮೂಗಿನ ಬಗ್ಗೆ ಊರು ಹೇಳುವುದನ್ನೆಲ್ಲ ನಂಬಿದರೆ, ಚಿಂತಾಮಣಿಯಲ್ಲಿ ಯಾರಾದರೂ ಇಲಿ ಪಾಷಾಣದ ಪೊಟ್ಟಣ ಬಿಚ್ಚಿದರೆ ಇಲ್ಲಿ ಇವರು ಸೀನುತ್ತಾರೆ.

ಜಂಗಮಕೋಟೆಯ ಹಾಲಿನ ಟೆಂಪೊ ಗೇಟಿನ ಮುಂದೆ ಗಕ್ಕನೆ ನಿಲ್ಲುತ್ತದೆ. ಕ್ಯಾನುಗಳ ನಡುವಿನಿಂದ ಮೂವರು ಇಳಿಯುತ್ತಾರೆ (ಹೆಸರು ಬದಲಿಸಿದ್ದೇನೆ): ರೇಷ್ಮೆ ಬೆಳೆಯುವ ಆವುಲಪ್ಪ, ಅವನ ಹೆಂಡತಿ ಗಂಗುಲಮ್ಮ, ಎಂಟು ತಿಂಗಳ ಹಿಂದೆ ಮನೆ ತುಂಬಿದ ಸೊಸೆ ಓಬಳಮ್ಮ. ಆವುಲಪ್ಪನ ಕೈಯ ಮಂಕರಿಯಲ್ಲಿ ಟವೆಲು ಹೊದ್ದ ಬೆಕ್ಕು.

"ಹಾವು ಕಚ್ಚೈತೆ ಕಣಮ್ಮೋ! ನಾಗರಹಾವೇ! ಅಯ್ಯೋ ದೇವುಡಾ!" ಗಂಗುಲಮ್ಮನ ದನಿಗೆ ಬೇವಿನ ಮರದ ಕಾಗೆಗಳೆಲ್ಲ ಊರು ಬಿಡುತ್ತವೆ.

"ಹಾವೂ ಇಲ್ಲ ಗೀವೂ ಇಲ್ಲ, ಪಕ್ಕದ ಮನೆ ನಲ್ಲಪ್ಪ ಏನೋ ಹಾಕವ್ನೆ. ಅವನ ಕೋಳಿ ಮೇಲೆ ಇದಕ್ಕೆ ಕಣ್ಣಿತ್ತು," ಎನ್ನುತ್ತಾನೆ ಆವುಲಪ್ಪ.

"ನೀನು ಸುಮ್ಕಿರು! ರಾತ್ರಿ ಬುಸ್ ಅಂದಿದ್ದು ನಾನು ಕೇಳಿಸ್ಕೊಂಡಿಲ್ವಾ?"

"ಅದು ನಾನು ಗೊರಕೆ ಹೊಡ್ದಿದ್ದು ಕಣೇ!"

ಕರೀಮಮ್ಮ ಎರಡನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೆಕ್ಕಿನ ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿದೆ. ತೊಡೆಯ ಮಾಂಸ ಪಟಪಟ ಅದುರುತ್ತಿದೆ. ಮಬ್ಬು ಬೆಳಕಿನಲ್ಲೂ ಕಣ್ಣಿನ ಪಾಪೆ ನೂಲಿನೆಳೆಯಷ್ಟು ಸಣ್ಣಗಾಗಿದೆ. ಬೆನ್ನಿನ ರೋಮದ ಹತ್ತಿರ ಆ ಪ್ರಖ್ಯಾತ ಮೂಗು ಒಮ್ಮೆ ಹೋಗಿ ಬರುತ್ತದೆ. ಆಮೇಲೆ ಅವರು ನೋಡುವುದು ಬೆಕ್ಕನ್ನಲ್ಲ, ಮೂವರನ್ನು. ಇಬ್ಬರು ಕಿರುಚಾಡುತ್ತಿದ್ದಾರೆ. ಒಬ್ಬಳು ತುಟಿ ಬಿಚ್ಚಿಲ್ಲ. ಎರಡೂ ಕೈ ಸೆರಗಿನೊಳಗಿವೆ.

"ಆವುಲಪ್ಪಣ್ಣ, ಮೂರು ಮನೆ ಒಲೆ ಬೂದಿ ಬೇಕು," ಎಂದು ಕರೀಮಮ್ಮ ಅಪ್ಪಣೆ ಕೊಡುತ್ತಾರೆ. "ಮೂರೂ ಬೇರೆ ಬೇರೆ ಬೀದಿದು. ಗಂಡ ಹೆಂಡತಿ ಜೊತೆಗೇ ಹೋಗಿ ತರಬೇಕು. ಓಡಿ!"

ಗಂಡ ಹೆಂಡತಿ ಓಡುತ್ತಾರೆ. ಅವರ ಮದುವೆಯ ದಿನದಿಂದ ಇಬ್ಬರೂ ಒಂದೇ ದಿಕ್ಕಿಗೆ ಹೋಗಿದ್ದು ಬಹುಶಃ ಇದೇ ಮೊದಲು.

ಈ ಮೂರು ಮನೆ ಬೂದಿಗೆ ನಾಲ್ಕು ತಾಲೂಕಿನಲ್ಲಿ ಇರುವ ಹೆಸರು ಗಂಗಾಜಲಕ್ಕೂ ಇಲ್ಲ. ಕೆಲವರು ಮನೆಯಿಂದಲೇ ಪೊಟ್ಟಣ ಕಟ್ಟಿಕೊಂಡು ಬರುತ್ತಾರೆ. ಅಂಥವರನ್ನು ದೂರದ ಬಾವಿಯಿಂದ ನೀರು ತರಲು ಅಟ್ಟಬೇಕಾಗುತ್ತದೆ. ಯಾಕೆಂದರೆ ಬೂದಿಗೆ ಔಷಧದ ಗುಣ ಎಳ್ಳಷ್ಟೂ ಇಲ್ಲ. "ಬೂದಿ ಪಾತ್ರೆ ಬೆಳಗೋಕೆ," ಎಂದು ಕರೀಮಮ್ಮ ನಗುತ್ತಾರೆ. "ಮನೆ ಯಜಮಾನ ಎದುರಿಗಿದ್ರೆ ಯಾರೂ ನಿಜ ಹೇಳಲ್ಲಪ್ಪ. ಎಲ್ರಿಗೂ ಹಾವೇ ಕಚ್ಚಿರತ್ತೆ. ಅದಕ್ಕೇ ಅರ್ಧ ಗಂಟೆ ಹೊರಗೆ ಕಳಿಸ್ತೀನಿ. ನಿಮ್ಮ ಪತ್ರಿಕೇಲಿ ಬರೀರಿ, ಪರವಾಗಿಲ್ಲ. ಓದಿದ್ರೂ ನಮ್ಮೋರು ಬೂದಿ ತರ್ತಾರೆ."

ಗಂಡ ಹೆಂಡತಿಯ ಬೆನ್ನು ಗೇಟು ದಾಟುವ ಮೊದಲೇ ಕರೀಮಮ್ಮನ ಕೈಗೆ ತೊಳೆದಿಟ್ಟ ಹಾಲಿನ ಕವರುಗಳು ಏರಿವೆ. ಬರಿಗೈಯಲ್ಲಿ ವಿಷ ಮುಟ್ಟುವಂತಿಲ್ಲ. ಉಗುರು ಬೆಚ್ಚಗಿನ ನೀರು, ಬಟ್ಟೆ ಸೋಪು. ಬೆಕ್ಕನ್ನು ತೊಳೆಯುತ್ತಲೇ ಕೇಳುತ್ತಾರೆ: "ತಿಗಣೆ ಕಾಟ ಜಾಸ್ತೀನಾಮ್ಮ ನಿಮ್ಮನೇಲಿ?"

ಓಬಳಮ್ಮನ ಕಣ್ಣು ಕಟ್ಟೆಯೊಡೆಯುತ್ತದೆ.

"ನಿದ್ದೇನೇ ಇಲ್ಲ ಅಮ್ಮ. ಮೈಯೆಲ್ಲ ದದ್ದು. ಸಂತೇಲಿ ಪುಡಿ ಮಾರ್ತಿದ್ರು, ತಂದು ಮಂಚದ ಸಂದಿಗೆ, ಹಾಸಿಗೆ ಕೆಳಗೆ ಉದುರಿಸ್ದೆ. ಬೆಕ್ಕು ನನ್ನ ಕಾಲಡೀಲೇ ಮಲಗೋದು. ಮೈ ನೆಕ್ಕೊಂಡೈತೆ."

"ಹುಳು ಮನೆ ಎಲ್ಲಿ?"

"ಪಕ್ಕದ ಕೋಣೇನೇ. ನಾಲ್ಕನೇ ಜ್ವರ ಎದ್ದಾವೆ. ನೂರೈವತ್ತು ಮೊಟ್ಟೆ ಹುಳ. ನಮ್ಮತ್ತೆಗೆ ಗೊತ್ತಾದ್ರೆ ತೌರಿಗೆ ಕಳಿಸ್ಬಿಡ್ತಾರೆ ಅಮ್ಮ. ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ರೇಷ್ಮೆ ಹುಳು ಎಂದರೇನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹುಳು ಮನೆಯ ಹತ್ತಿರ ಒಗ್ಗರಣೆ ಚುರ್ ಅನ್ನುವಂತಿಲ್ಲ, ಊದುಬತ್ತಿ ಹೊಗೆಯಾಡುವಂತಿಲ್ಲ. ಒಂದು 'ಮೊಟ್ಟೆ' ಎಂದರೆ ಒಂದು ಚಿಟ್ಟೆ ಇಟ್ಟದ್ದೆಲ್ಲ, ನಾನೂರಕ್ಕೂ ಹೆಚ್ಚು ಹುಳು. ನಾಲ್ಕನೆಯ ಸಲ ಪೊರೆ ಕಳಚಿ ಎದ್ದ ಹುಳಕ್ಕೆ ಇನ್ನು ವಾರ ಕಳೆದರೆ ಗೂಡು. ಅಂಥ ಮನೆಯಲ್ಲಿ ಕ್ರಿಮಿನಾಶಕದ ಪುಡಿ! ಇಲಿಗಳಿಂದ ಹುಳು ಕಾಯುವ ಬೆಕ್ಕೇ ಮೊದಲು ಉರುಳಿದೆ. ಹುಳುವಿನ ಸರದಿ ಬರುವ ಮೊದಲು ಆ ಪುಡಿ ಮನೆ ಬಿಡಬೇಕು. ಆದರೆ ಹುಡುಗಿ ಮನೆಯಲ್ಲೇ ಉಳಿಯಬೇಕು.

ಹಿಂದಿನ ಕ್ವಾರ್ಟರ್ಸಿನಿಂದ ಡಾಕ್ಟರು ಬನಿಯನ್ನಿನಲ್ಲೇ ಬರುತ್ತಾರೆ. ಕೇಳುವುದು ಒಂದೇ ಮಾತು: "ಯಾವುದು ಕರೀಮಮ್ಮ?"

"ಸಂತೆ ಪುಡಿ ಸಾರ್."

ಅಷ್ಟು ಸಾಕು. ಅಟ್ರೊಪಿನ್ ಇಂಜೆಕ್ಷನ್ ಬೀಳುತ್ತದೆ. ಒರೆಸಿದ ಬೆಕ್ಕು ಮತ್ತೆ ಮೈ ನೆಕ್ಕದಂತೆ ಹಳೆ ಸೀರೆಯ ತುಂಡು ಸುತ್ತಿಸಿಕೊಂಡು, ಬೆಳಕಿಲ್ಲದ ಮೂಲೆ ಕೋಣೆ ಸೇರುತ್ತದೆ.

ಹದಿನಾಲ್ಕು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ, ಇದೇ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದ ಗಂಡ ಹುಸೇನ್ ಸಾಬ್ ತೀರಿಕೊಂಡಾಗ ಅನುಕಂಪದ ಮೇಲೆ ಕರೀಮಮ್ಮನಿಗೆ ಈ ಕೆಲಸ ಸಿಕ್ಕಿತು. ಅದುವರೆಗೆ ನಾಯಿ ಕಂಡರೆ ಬೀದಿ ಬದಲಾಯಿಸುತ್ತಿದ್ದವರು. ಅತ್ತೆ ವಜೀರುನ್ನೀಸಾ, "ನಾಯಿ ಜೊಲ್ಲು ಮುಟ್ಟಿದ ಕೈಲಿ ರೊಟ್ಟಿ ತಟ್ತೀಯಾ?" ಎಂದು ಒಂದು ವರ್ಷ ಇವರ ಕೈಯಡುಗೆ ಮುಟ್ಟಲಿಲ್ಲ. ಕೊನೆಗೆ ಮಸೀದಿಯ ಹಿರಿಯರೊಬ್ಬರು, "ಜೀವ ಉಳಿಸೋ ಕೆಲಸ, ಚೆನ್ನಾಗಿ ತೊಳ್ಕೊಂಡ್ರೆ ಆಯ್ತಲ್ಲಮ್ಮ," ಎಂದ ಮೇಲೆ ರಾಜಿಯಾಯಿತು. ಇಂದಿಗೂ ಆಸ್ಪತ್ರೆಯ ಸೀರೆ ಬೇರೆ, ಮನೆಯ ಸೀರೆ ಬೇರೆ. ಸ್ನಾನವಾಗದೆ ನಮಾಜಿನ ಚಾಪೆ ಹಾಸುವುದಿಲ್ಲ.

ದಿನಕ್ಕೆ ಐವತ್ತು ಪ್ರಾಣಿಗಳನ್ನು ಯಮನಿಂದ ಕಸಿಯುತ್ತಾರೆ ಎನ್ನುತ್ತದೆ ಊರು. ಗೌರಿಬಿದನೂರಿನ ನಾಯಿಯೊಂದು ಏನನ್ನೋ ತಿಂದು ತಾನೇ ಬಸ್ಸು ಹತ್ತಿ ಬಂದಿತ್ತಂತೆ. ಟಿಕೆಟ್ ತಗೊಂಡಿತ್ತೇ ಇಲ್ಲವೇ ಎನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯ. "ಸುಳ್ಳು ಕಣಪ್ಪ," ಎಂದು ಅವರೇ ಗಾಳಿ ಇಳಿಸುತ್ತಾರೆ. "ವಾರಕ್ಕೆ ನಾಲ್ಕೋ ಐದೋ ವಿಷದ ಕೇಸು. ಹತ್ತರಲ್ಲಿ ಆರು ಉಳೀತವೆ. ಇಲಿ ಪಾಷಾಣ ತಿಂದಿದ್ರೆ ಬಾಯಲ್ಲಿ ಬೆಳ್ಳುಳ್ಳಿ ವಾಸನೆ, ಆ ಗಾಳಿ ನಮಗೂ ಕೆಟ್ಟದ್ದು, ಮುಖ ಹತ್ರ ತರಬಾರದು. ಇಲಿ ಬಿಲ್ಲೆ ತಿಂದಿದ್ರೆ ಮೂರು ನಾಲ್ಕು ದಿನ ಏನೂ ಗೊತ್ತಾಗಲ್ಲ, ಆಮೇಲೆ ವಸಡು ಬೆಳ್ಳಗಾಗಿ ಮೂಗಲ್ಲಿ ರಕ್ತ. ಬೆಕ್ಕಿಗೆ ಜ್ವರ ಅಂತ ಮನುಷ್ಯರ ಜ್ವರದ ಮಾತ್ರೆ ಕೊಡ್ತಾರೆ, ವಸಡು ಕಂದು ಬಣ್ಣಕ್ಕೆ ತಿರುಗಿ ಸತ್ತೇ ಹೋಗತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಗೊತ್ತಾ? ಗಂಟಲಿಗೆ ಹುಣಸೆ ರಸ, ಹಾಲು, ಹರಳೆಣ್ಣೆ ಹುಯ್ಯೋದು. ಒದ್ದಾಡ್ತಿರೋ ಪ್ರಾಣಿಗೆ ಅದು ಶ್ವಾಸಕೋಶಕ್ಕೆ ಇಳಿಯತ್ತೆ. ಫಿನಾಯಿಲು, ಸೀಮೆಎಣ್ಣೆ ಕುಡಿದಿದ್ರೆ ವಾಂತಿ ಮಾಡ್ಸೋಕೂ ಹೋಗಬಾರದು. ಬಾಯಿಗೆ ಏನೂ ಹುಯ್ಬೇಡಿ, ತಗೊಂಡು ಓಡಿ ಬನ್ನಿ."

ಇಷ್ಟು ಹೇಳುವಷ್ಟರಲ್ಲಿ ಬೂದಿ ಬರುತ್ತದೆ. ಆವುಲಪ್ಪ ಎರಡು ಮನೆಯದು ಎನ್ನುತ್ತಾನೆ, ಗಂಗುಲಮ್ಮ ನಾಲ್ಕು ಎನ್ನುತ್ತಾಳೆ.

ಕರೀಮಮ್ಮ ಅದನ್ನು ಗಂಭೀರವಾಗಿ ತಗೊಂಡು ಪಕ್ಕಕ್ಕಿಡುತ್ತಾರೆ. "ಬೆಕ್ಕು ಉಳಿಯೋ ಹಾಗಿದೆ. ಆದ್ರೆ ಕೇಳಿ. ಅದರ ಕೂದಲಿಗೆ ಕ್ರಿಮಿನಾಶಕದ ಪುಡಿ ಅಂಟಿದೆ. ಮನೇಲಿ ಅದು ಎಲ್ಲೆಲ್ಲಿ ಮಲಗಿತ್ತೋ ಅಲ್ಲೆಲ್ಲ ಪುಡಿ ಇರತ್ತೆ. ಚಾಪೆ, ಹಾಸಿಗೆ, ಮಂಚ, ಎಲ್ಲ ಹೊರಗೆ ತಂದು ಸೋಪು ನೀರಲ್ಲಿ ತೊಳೀರಿ. ನೆಲ ಗುಡಿಸಬೇಡಿ, ಪುಡಿ ಹಾರತ್ತೆ. ಒದ್ದೆ ಬಟ್ಟೇಲಿ ಒರೆಸಿ. ಬೆಕ್ಕು ಮುಟ್ಟಿದೋರು ಸ್ನಾನ ಮಾಡದೆ ಸೊಪ್ಪು ಮುಟ್ಟಿದ್ರೆ ಈ ಸಲ ಗೂಡು ಮರೆತುಬಿಡಿ."

"ಪುಡಿ ಎಲ್ಲಿಂದ ಬಂತು?" ಆವುಲಪ್ಪನ ಹುಬ್ಬು ಗಂಟಾಗುತ್ತದೆ.

"ಬೆಕ್ಕಿಗೆ ಊರೆಲ್ಲ ನೆಂಟರು ಅಣ್ಣ. ಎಲ್ಲಿ ಮಲಗಿ ಬಂತೋ."

ಗಂಗುಲಮ್ಮ ಹಿಂದೆ ತಿರುಗುತ್ತಾಳೆ. ಸೊಸೆಯ ತೋಳಿನ ದದ್ದುಗಳ ಮೇಲೆ ಅವಳ ಕಣ್ಣು ನೆಟ್ಟಿದೆ. "ಮಂಚಾನೂನಾ?" ಎಂದು ಕೇಳುತ್ತಾಳೆ.

"ಮಂಚಾನೂ."

"ಟೆಂಪೊ ಐತಾ ನೋಡು ಹೋಗು," ಎಂದು ಗಂಡನನ್ನು ಗೇಟಿಗೆ ಅಟ್ಟುತ್ತಾಳೆ. ಆಮೇಲೆ ಸೊಸೆಗೆ, "ಮನೆಗೆ ಹೋಗಿ ತಲೆಗೆ ಹುಯ್ಕೊ. ಗೂಡಾಗೋವರ್ಗೂ ಹುಳಕ್ಕೆ ಸೊಪ್ಪು ನಾನು ಹಾಕ್ತೀನಿ. ನಿಮ್ಮ ಮಾವ ಕೇಳಿದ್ರೆ ಬೆಕ್ಕು ಎತ್ಕೊಂಡಿದ್ದೆ ಅನ್ನು." ಕೊನೆಗೆ ಕರೀಮಮ್ಮನ ಕಡೆ ಬಾಗಿ ಮೆಲ್ಲಗೆ: "ನಮ್ಮತ್ತೆ ಕಾಲ್ದಲ್ಲಿ ನಾನೂ ಒಂದು ಬೆಕ್ಕು ಕಳ್ಕೊಂಡೆ ಕಣಮ್ಮ. ಅವತ್ತೂ ಹಾವೇ ಕಚ್ಚಿತ್ತು."

ಮೂರನೇ ದಿನ ಬೆಕ್ಕು ಅದೇ ಮಂಕರಿಯಲ್ಲಿ, ಕ್ಯಾನುಗಳ ನಡುವೆ, ತಾಲೂಕು ಅಧ್ಯಕ್ಷನ ಠೀವಿಯಲ್ಲಿ ಊರಿಗೆ ಮರಳುತ್ತದೆ. ಕರೀಮಮ್ಮನ ಕೆಲಸ ಮಾತ್ರ ಮುಗಿದಿಲ್ಲ. ಒಂದು ಹೆಸರು ಮುಚ್ಚಿಟ್ಟು ನೂರೈವತ್ತು ಮೊಟ್ಟೆ ಹುಳುವಿನ ಹೊಣೆಯನ್ನು ತಲೆ ಮೇಲೆ ಎಳೆದುಕೊಂಡಿದ್ದಾರೆ. ಹುಳು ಕೆಟ್ಟರೆ ಆ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ ಯಾವುದೆಂದು ಅವರಿಗೆ ಗೊತ್ತು. ದಿನಾ ಬೆಳಿಗ್ಗೆ ಟೆಂಪೊ ಓಡಿಸುವ ಲಾಲ್ ಬಾಷಾನನ್ನು ತಡೆಯುತ್ತಾರೆ: "ಹುಳು ಹೇಗಿದ್ದಾವೆ ಬೇಟಾ?"

"ಸೊಪ್ಪು ತಿಂತಾ ಇದಾವಂತೆ ಖಾಲಾ. ನಾನೇನು ಹುಳು ಡಾಕ್ಟ್ರಾ?" ಎಂದು ಅವನು ದಿನಾ ರೇಗುತ್ತಾನೆ, ದಿನಾ ಕೇಳಿಕೊಂಡೂ ಬರುತ್ತಾನೆ.

ಒಂಬತ್ತನೇ ದಿನ ಟೆಂಪೊ ನಿಲ್ಲುವ ಮೊದಲೇ ಅವನ ಕೂಗು ಕೇಳುತ್ತದೆ. "ಹುಳು ಹಣ್ಣಾದ್ವು ಖಾಲಾ! ಎಲ್ಲ ಬಿದಿರು ಚಂದ್ರಿಕೆ ತಟ್ಟೆ ಹತ್ತಿ ಗೂಡಿಗೆ ನೂಲು ಬಿಡ್ತಾ ಇದಾವೆ! ಅತ್ತೆ ಸೊಸೆ ಇಬ್ರೂ ಕೂತು ಹುಳ ಆರಿಸ್ತಾ ಇದ್ರು!"

ಕರೀಮಮ್ಮ ಅಂಗಳದ ಕಲ್ಲಿನ ಮೇಲೆ ಕೂರುತ್ತಾರೆ. ಪೊರಕೆ ಕೈಯಲ್ಲೇ ಇದೆ.

ಇಷ್ಟೆಲ್ಲ ಮಾಡುವವರಿಗೆ ಏನು ಬೇಕು? ಸನ್ಮಾನ, ಶಾಲು, ಬೆಳ್ಳಿ ತಟ್ಟೆ? ಕೇಳಿದರೆ ಪೊರಕೆಯಲ್ಲೇ ಗೋಡೆ ತೋರಿಸುತ್ತಾರೆ.

"ಆಸ್ಪತ್ರೆ ಗೋಡೆ ಮೇಲೆ ಒಂದು ಸಾಲು ಬರೆಸಿಕೊಡಿ. ಕನ್ನಡ, ತೆಲುಗು, ಉರ್ದು, ಮೂರರಲ್ಲೂ. 'ಏನು ಹಾಕಿದ್ರೋ ಹೇಳಿ, ಇಲ್ಲಿ ಯಾರೂ ಬೈಯಲ್ಲ' ಅಂತ. ಆದ್ರೆ ಮೇಲೆ ಬರೆಸಬೇಡಿ, ಗೋಡೆ ಕೆಳಗಡೆ ಬರೆಸಿ. ಅದನ್ನ ಓದಬೇಕಾದೋರು ತಲೆ ಎತ್ತಿ ಒಳಗೆ ಬರಲ್ಲಪ್ಪ."